ಬೀದಿ ಗುಡಿಸುವವರ ಸಂಘವೂ ಪುರಜನರ ಕರ್ತವ್ಯವೂ

೨೦೨೫ನೆಯ ಇಸವಿಯ ಮೇ ತಿಂಗಳ ಮೊದಲನೆಯ ದಿನ, ಕಾರ್ಮಿಕರ ದಿನಾಚರಣೆಯ ಸಂದರ್ಭದಲ್ಲಿ, ಬೆಂಗಳೂರು ನಗರದ ೧೨,೬೯೨ ಮಂದಿ ಪೌರಕಾರ್ಮಿಕರಿಗೆ ಖಾಯಂ ನೇಮಕದ ಆದೇಶಪತ್ರಗಳನ್ನು ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರು ವಿತರಣೆ ಮಾಡಿದರು. ಹತ್ತು, ಹದಿನೈದು, ಇಪ್ಪತ್ತು ವರ್ಷಗಳ ಕಾಲ ನಗರದ ಬೀದಿಗಳನ್ನು ಗುಡಿಸಿಯೂ ನಗರಸಭೆಯ ನೌಕರರೆನಿಸಿಕೊಳ್ಳದೆ ಉಳಿದಿದ್ದವರು ಆ ದಿನ ನೌಕರರಾದರು. ಈ ಸತ್ಕಾರ್ಯಕ್ಕಾಗಿ ಸರ್ಕಾರದವರನ್ನು ಅಭಿನಂದಿಸುವುದು ನ್ಯಾಯವಾಗಿದೆ. ಆದರೆ ಅಭಿನಂದನೆಯ ಅಗ್ರಭಾಗವು ಸಲ್ಲತಕ್ಕುದು ಪೌರಕಾರ್ಮಿಕರ ಸಂಘಗಳಿಗೆ. ವರ್ಷಗಟ್ಟಲೆ ಬಿಸಿಲು ಮಳೆಯೆನ್ನದೆ ಟೌನ್ ಹಾಲಿನ ಮೆಟ್ಟಿಲುಗಳ ಬಳಿಯಲ್ಲಿಯೂ ಫ್ರೀಡಂ ಪಾರ್ಕಿನಲ್ಲಿಯೂ ಕುಳಿತು ಒಂದೇ ಮಾತನ್ನು ಬಿಡದೆ ಹೇಳುತ್ತಾ ಬಂದವರು ಅವರು. ಊರನ್ನು ಶುಚಿಯಾಗಿಡುವುದು ಸಾರ್ವಜನಿಕ ಕಾರ್ಯ. ಅದನ್ನು ಮಾಡುವವರು ಸಾರ್ವಜನಿಕ ಸೇವಕರು. ಇವರಿಬ್ಬರ ನಡುವೆ ಲಾಭಕ್ಕಾಗಿ ನಿಂತ ಮೂರನೆಯವನಿಗೆ ಸ್ಥಳವಿಲ್ಲವೆಂಬುದೇ ಆ ಮಾತು.

ಈ ಹೋರಾಟವನ್ನು ಕೂಲಿಯ ಜಗಳವೆಂದು ಮಾತ್ರ ಎಣಿಸಿದವರು ನಮ್ಮ ವಾಚಕರಲ್ಲಿಯೂ ಹಲವರಿರಬಹುದು. ಅಂಥವರು ವಿಷಯದ ಅರ್ಧವನ್ನು ಮಾತ್ರ ಬಲ್ಲರು. ಸಂಘದವರು ತಮಗಾಗಿ ಕೇಳಿದ ಒಂದೊಂದು ಸೌಕರ್ಯವೂ ಪುರಜನರೆಲ್ಲರಿಗೆ ಇಲ್ಲದೆ ಹೋಗಿರುವ ಸೌಕರ್ಯವೇ ಆಗಿದೆ ಎಂಬುದನ್ನು ಈ ದಿನ ನಾವು ನಿರೂಪಿಸಬೇಕೆಂದಿದ್ದೇವೆ. ಈ ಮಾತು ಎಲ್ಲಕ್ಕಿಂತ ಹೆಚ್ಚಾಗಿ ಅನ್ವಯಿಸುವುದು ನಗರದ ಹೊರವಲಯಗಳಾದ ಪೀಣ್ಯ, ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ ಎಂಬ ಉದ್ಯಮಪ್ರದೇಶಗಳಿಗೆ.

ಪೀಣ್ಯದ ಬೀದಿಗಳಲ್ಲಿ ಮೊದಲನೆಯ ಪಾಳಿಯ ಕೆಲಸಗಾರರು ಬರುವುದಕ್ಕೆ ಮುಂಚೆ ಒಂದು ದಿನ ನಡೆದುನೋಡುವಂತೆ ವಾಚಕ ಮಹಾಶಯರನ್ನು ಪ್ರಾರ್ಥಿಸುತ್ತೇವೆ. ಬೆಳಗಿನ ಆರೂವರೆ ಗಂಟೆಯ ಮಸುಕು ಬೆಳಕಿನಲ್ಲಿ ಉದ್ದನೆಯ ಪೊರಕೆಗಳನ್ನು ಹಿಡಿದ ಹೆಂಗಸರು ಲಾರಿಗಳ ಧೂಳಿನ ನಡುವೆ ರಸ್ತೆಯ ಅಂಚನ್ನು ಗುಡಿಸುತ್ತಿರುತ್ತಾರೆ. ಬಹುಮಟ್ಟಿಗೆ ಇವರು ದಲಿತ ಕುಲಗಳಿಗೆ ಸೇರಿದವರು. ಎಷ್ಟೋ ಮಂದಿಯ ಮನೆಮಾತು ತೆಲುಗು. ತಾಯಿಯ ಕೈಯಿಂದ ಮಗಳ ಕೈಗೆ ಪೊರಕೆಯು ಬಂದಿರುವ ಸಂಸಾರಗಳೂ ಉಂಟು. ಸೂರ್ಯನು ಹುಟ್ಟುವುದಕ್ಕೆ ಮುಂಚೆಯೇ ಇವರು ಮನೆಯಲ್ಲಿ ಒಲೆ ಹೊತ್ತಿಸಿ ಮಕ್ಕಳ ಊಟಕ್ಕೆ ಅಣಿಮಾಡಿ ಬಂದಿರುತ್ತಾರೆ. ಮಧ್ಯಾಹ್ನದವರೆಗೆ ಬೀದಿಯೇ ಇವರ ಕಚೇರಿ. ಈ ಕಚೇರಿಗೆ ಕುಡಿಯುವ ನೀರಿನ ಮಡಕೆಯಿಲ್ಲ, ಕೂರುವುದಕ್ಕೆ ನೆರಳಿಲ್ಲ, ಹೆಂಗಸಿನ ಮರ್ಯಾದೆಗೆ ತಕ್ಕ ಒಂದು ಕಕ್ಕಸು ಇಲ್ಲ. ಹೊತ್ತಿಗೆ ಸರಿಯಾಗಿ ನೀರು ಕುಡಿದರೆ ಮುಂದಿನ ಪರದಾಟವನ್ನು ಹೆದರಿ, ಬಾಯಾರಿಕೆಯನ್ನೇ ತಡೆದುಕೊಳ್ಳುವ ಅಭ್ಯಾಸವು ಇವರಲ್ಲಿ ಬೆಳೆದಿದೆ. ಇದರಿಂದ ಬರುವ ರೋಗಗಳನ್ನು ನಾವು ವರ್ಣಿಸಬೇಕಾಗಿಲ್ಲ. ಯಾವ ವೈದ್ಯರನ್ನು ಕೇಳಿದರೂ ಹೇಳುತ್ತಾರೆ.

ಊರಿನ ನೈರ್ಮಲ್ಯವು ಎಲ್ಲರ ಪ್ರಾಣದ ಪ್ರಶ್ನೆಯೆಂಬುದನ್ನು ಬೆಂಗಳೂರು ಬಹಳ ಹಿಂದೆಯೇ ಕಷ್ಟಪಟ್ಟು ಕಲಿಯಿತು. ೧೮೯೮ರಲ್ಲಿ ಪ್ಲೇಗು ಮಾರಿಯು ನಗರವನ್ನು ಹೊಕ್ಕು, ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಜನರನ್ನು ಕೊಂಡೊಯ್ದಾಗ, ಬಡವನ ಕೇರಿಯ ಕೊಳೆಯು ಧನಿಕನ ಮಹಡಿಗೂ ಸಾವನ್ನು ತರಬಲ್ಲುದೆಂಬುದು ಎಲ್ಲರಿಗೂ ವೇದ್ಯವಾಯಿತು. ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು ಆ ಭಯದಿಂದ ಹುಟ್ಟಿದವು. ಬೀದಿಗಳು ಅಗಲವಾದವು, ಮನೆಗಳಿಗೆ ಗಾಳಿ ಬೆಳಕುಗಳು ಬಂದವು. ಆದರೆ ಆ ಬೀದಿಗಳನ್ನು ದಿನವೂ ಶುದ್ಧಿಮಾಡುತ್ತಿದ್ದವರು ಬಡಾವಣೆಯ ಎಲ್ಲೆಯಿಂದ ಆಚೆಗೇ ಉಳಿದರು. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಗೆ ಇದಕ್ಕಿಂತ ಉತ್ತಮವಾದ ಉದಾಹರಣೆ ದೊರೆಯಲಾರದು.

ರಾಷ್ಟ್ರೀಯ ಚಳವಳಿಯು ಈ ಕತ್ತಲೆಯನ್ನು ಕಂಡಿತ್ತು. ೧೯೦೧ರ ಕಲಕತ್ತೆಯ ಕಾಂಗ್ರೆಸ್ಸಿನಲ್ಲಿ ಪ್ರತಿನಿಧಿಗಳ ಬಿಡಾರದ ಹೊಲಸನ್ನು ಕಂಡು, ತಾವೇ ಪೊರಕೆಯನ್ನು ತರಿಸಿಕೊಂಡು ಕಕ್ಕಸನ್ನು ಗುಡಿಸಿದ ಗಾಂಧೀಜಿಯವರ ವೃತ್ತಾಂತವು ಎಲ್ಲರಿಗೂ ತಿಳಿದಿದೆ. ನಮ್ಮ ನಾಡಿನಲ್ಲಿಯೂ ೧೯೭೦ರ ದಶಕದ ಆದಿಯಲ್ಲಿ, ಶ್ರೀ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಶ್ರೀ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಹೀನಪದ್ಧತಿಯನ್ನು ನಿಷೇಧಿಸಿ ಕರ್ಣಾಟಕಕ್ಕೆ ಕೀರ್ತಿ ತಂದರು. ಶ್ರೀ ಐ. ಪಿ. ಡಿ. ಸಾಲಪ್ಪನವರ ಅಧ್ಯಕ್ಷತೆಯ ಸಮಿತಿಯು ಪೌರಕಾರ್ಮಿಕರ ಸ್ಥಿತಿಗತಿಗಳನ್ನು ವಿಚಾರಿಸಿ ೧೯೭೬ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಐದುನೂರು ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರಿರಬೇಕೆಂಬುದು ಅದರ ಸಲಹೆಗಳಲ್ಲಿ ಒಂದು. ಮುಂದೆ ಸರ್ಕಾರದವರು ಈ ಪ್ರಮಾಣವನ್ನು ಏಳುನೂರಕ್ಕೆ ಒಬ್ಬರೆಂದು ಗೊತ್ತುಮಾಡಿಕೊಂಡರು. ಐದುನೂರು ಜನರ ಕಸವನ್ನು ಬಳಿಯಬೇಕಾದ ಕೈಗಳು ಏಳುನೂರು ಜನರ ಕಸವನ್ನು ಬಳಿಯಬೇಕಾಯಿತೆಂದರೆ, ಸೊಂಟ ಮುರಿಯುವುದು ಒಬ್ಬರದು, ಗಲ್ಲಿಯ ಕೊನೆಯಲ್ಲಿ ಕಸ ಉಳಿಯುವುದು ಎಲ್ಲರದು.

೧೯೯೦ರ ದಶಕದಲ್ಲಿ ಬೆಂಗಳೂರಿನ ಪಾಲಿಕೆಯು ನೈರ್ಮಲ್ಯದ ಕೆಲಸವನ್ನು ಗುತ್ತಿಗೆಗೆ ಕೊಡಲಾರಂಭಿಸಿತು. ವೆಚ್ಚ ಕಡಿಮೆಯಾಗುವುದು, ಕೆಲಸ ಚುರುಕಾಗುವುದು ಎಂಬುದು ಆಗಿನ ವಾದ. ಫಲವೇನಾಯಿತೆಂಬುದನ್ನು ಈಗ ಎಲ್ಲರೂ ಬಲ್ಲರು. ಕಾನೂನಿನ ಕನಿಷ್ಠ ಕೂಲಿಯು ಕಾಗದದಲ್ಲಿ ಉಳಿಯಿತು. ಭವಿಷ್ಯನಿಧಿಗೆಂದು ಮುರಿದುಕೊಂಡ ಹಣ ಎಲ್ಲಿಗೆ ಹೋಯಿತೆಂಬುದು ಅನೇಕರಿಗೆ ತಿಳಿಯದೆಹೋಯಿತು. ತಿಂಗಳ ಸಂಬಳ ಮೂರು ತಿಂಗಳಿಗೊಮ್ಮೆ ಬಂದರೂ ಪುಣ್ಯವೆನ್ನುವಂತಾಯಿತು. ೨೦೧೭ರಲ್ಲಿ ಬೆರಳಚ್ಚಿನ ಹಾಜರಾತಿ ಬಂದಮೇಲೆ, ಪಟ್ಟಿಯಲ್ಲಿದ್ದು ಬೀದಿಯಲ್ಲಿಲ್ಲದ ಹೆಸರುಗಳ ಸಂಗತಿಯೂ ಬಯಲಿಗೆ ಬಂದಿತು. ಆ ಹೆಸರುಗಳಿಗೆ ಸಂಬಳ ಕೊಟ್ಟವರು ಯಾರು? ತೆರಿಗೆ ಕೊಡುವ ಪುರಜನರು. ಅವರ ಪಾಲಿನ ಕೆಲಸವನ್ನು ಹೆಚ್ಚಾಗಿ ಹೊತ್ತವರು ಯಾರು? ಬೀದಿಯಲ್ಲಿ ನಿಜವಾಗಿ ಇದ್ದ ಹೆಂಗಸರು. ಗುತ್ತಿಗೆಯ ಪದ್ಧತಿಯು ಕೂಲಿಯವಳನ್ನೂ ತೆರಿಗೆದಾರನನ್ನೂ ಏಕಕಾಲದಲ್ಲಿ ವಂಚಿಸಿತು. ಇದನ್ನು ಮೊದಲು ಎತ್ತಿ ಹೇಳಿದವರು ಸಂಘದವರು. ತೆರಿಗೆದಾರರ ಪರವಾಗಿ ಮಾತನಾಡುತ್ತೇವೆನ್ನುವ ದೊಡ್ಡವರು ಬಹುಕಾಲ ಮೌನವಾಗಿದ್ದರು.

ಸಂಘದ ಕಾರ್ಯದ ಮಾರ್ಗವನ್ನು ಸಂಕ್ಷೇಪವಾಗಿ ಸ್ಮರಿಸುವುದು ಯುಕ್ತ. ಎ.ಐ.ಸಿ.ಸಿ.ಟಿ.ಯು. ಸಂಸ್ಥೆಗೆ ಸೇರಿದ ಬಿ.ಬಿ.ಎಂ.ಪಿ. ಗುತ್ತಿಗೆ ಪೌರಕಾರ್ಮಿಕರ ಸಂಘವೂ, ರಾಜ್ಯದ ಇತರ ನಗರಸಭೆ ಪುರಸಭೆಗಳ ಪೌರಕಾರ್ಮಿಕರ ಸಂಘಟನೆಗಳೂ ಸೇರಿ ಒತ್ತಾಯ ತಂದುದರಿಂದ, ೨೦೧೬ರಲ್ಲಿ ಪೌರಕಾರ್ಮಿಕರ ಕನಿಷ್ಠ ವೇತನವು ತಿಂಗಳಿಗೆ ೧೪,೦೪೦ ರೂಪಾಯಿಗೆ ಏರಿತು. ೨೦೧೮ರ ಆದಿಯಲ್ಲಿ ಬೆಂಗಳೂರಿನಲ್ಲಿ ಗುತ್ತಿಗೆದಾರರ ಮಧ್ಯಸ್ಥಿಕೆ ತಪ್ಪಿ, ಬೀದಿ ಗುಡಿಸುವವರಿಗೆ ಪಾಲಿಕೆಯಿಂದಲೇ ನೇರವಾಗಿ ವೇತನ ಸಲ್ಲುವ ಏರ್ಪಾಡಾಯಿತು. ೨೦೨೨ರ ಜುಲೈ ತಿಂಗಳ ಮೊದಲ ದಿನಗಳಲ್ಲಿ ರಾಜ್ಯಾದ್ಯಂತ ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು. ಅಂದಿನ ಮುಖ್ಯಮಂತ್ರಿ ಶ್ರೀ ಬಸವರಾಜ ಬೊಮ್ಮಾಯಿಯವರು ಖಾಯಮಾತಿಗೆ ಒಪ್ಪಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಂತ್ರಿಮಂಡಲವು ರಾಜ್ಯದ ೧೧,೧೩೩ ಪೌರಕಾರ್ಮಿಕರ ವಿಷಯದಲ್ಲಿ ನಿರ್ಣಯ ಮಾಡಿತು. ಪಕ್ಷಗಳು ಬದಲಾದರೂ ಈ ಕಾರ್ಯವು ಬದಲಾಗದೆ ಮುಂದುವರಿದುದು ಸಂಘದ ಬೇಡಿಕೆಯ ನ್ಯಾಯವನ್ನು ತೋರಿಸುತ್ತದೆ. ಮುಂಬಯಿಯಲ್ಲಿಯೂ ಇಂಥದೇ ಹೋರಾಟವು ದೀರ್ಘಕಾಲ ನಡೆದು, ೨೦೧೭ರ ಏಪ್ರಿಲಿನಲ್ಲಿ ಸುಮಾರು ೨,೭೦೦ ಮಂದಿ ಗುತ್ತಿಗೆಯ ಕಸ ಸಾಗಿಸುವ ಕಾರ್ಮಿಕರ ಖಾಯಂ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದುದನ್ನು ವಾಚಕರು ಜ್ಞಾಪಿಸಿಕೊಳ್ಳಬಹುದು.

ಸಂಘದವರು ಕೇಳಿದುದು ಖಾಯಮಾತಿ ಒಂದನ್ನೇ ಅಲ್ಲ. ಬೀದಿಗೆ ಸಮೀಪದಲ್ಲಿ ಶೌಚಗೃಹ, ಕುಡಿಯುವ ನೀರು, ಬಟ್ಟೆ ಬದಲಾಯಿಸಲು ಮರೆಯಾದ ಸ್ಥಳ, ಕೈಗವಸು, ಬೂಟು, ಹೆರಿಗೆಯ ರಜೆ, ಮಕ್ಕಳಿಗೆ ವಿದ್ಯೆ, ವಾಸಕ್ಕೆ ಮನೆ, ಮೇಲ್ವಿಚಾರಕನ ಕೆಟ್ಟ ನಡತೆಯಿಂದ ರಕ್ಷಣೆ, ಇವೆಲ್ಲವೂ ಅವರ ಪಟ್ಟಿಯಲ್ಲಿದ್ದವು. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಪೀಣ್ಯದಿಂದ ವೈಟ್‌ಫೀಲ್ಡಿನವರೆಗೆ ತಿರುಗಿದರೆ, ಅದು ಪೌರಕಾರ್ಮಿಕರದು ಮಾತ್ರವೇ ಎಂಬ ಸಂದೇಹ ಹುಟ್ಟುವುದು. ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗೆ ಬಸ್ಸಿಗಾಗಿ ಕಾಯುವ ಹುಡುಗಿಗೆ ಬಸ್ಸು ನಿಲ್ದಾಣದಲ್ಲಿ ಕಕ್ಕಸುಂಟೇ? ರಸ್ತೆಯ ಕೂಡಿನಲ್ಲಿ ಎಂಟು ಗಂಟೆ ನಿಲ್ಲುವ ಮಹಿಳಾ ಪೋಲೀಸಿನವರಿಗೆ ಉಂಟೇ? ಸೊಪ್ಪು ಮಾರುವ ಮುದುಕಿಗೆ ಉಂಟೇ? ಹೊಸ ಗೋಪುರಗಳನ್ನು ಕಟ್ಟುವ ಕೂಲಿಯ ಹೆಂಗಸಿಗೆ ಉಂಟೇ? ಪೌರಕಾರ್ಮಿಕಳಿಗೆಂದು ಬೀದಿಯಲ್ಲಿ ಒಂದು ಶೌಚಗೃಹವನ್ನು ಕಟ್ಟಿ, ಅದನ್ನು ಶುಚಿಯಾಗಿಟ್ಟು, ಎಲ್ಲರಿಗೂ ತೆರೆದಿಟ್ಟರೆ, ಇವರೆಲ್ಲರ ಕಷ್ಟವೂ ಪರಿಹಾರವಾಗುವುದು. ಊರಿನ ಅತಿ ಕೆಳಗಿನ ಮೆಟ್ಟಿಲಲ್ಲಿರುವವಳಿಗೆ ದೊರೆತ ಸೌಕರ್ಯವು ಊರಿನವರೆಲ್ಲರಿಗೂ ದೊರೆಯುವುದು. ಮೇಲಿನ ಮೆಟ್ಟಿಲಿನವರಿಗೆ ದೊರೆತುದು ಅಲ್ಲಿಯೇ ನಿಲ್ಲುವುದು. ಈ ಸತ್ಯದ ಮೇಲೆಯೇ ಸಂಘದ ಮತ್ತು ಪುರಜನರ ಮೈತ್ರಿಯು ನಿಲ್ಲಬೇಕಾಗಿದೆ. ಪಾಲಿಕೆಯವರು ಅಲ್ಲಲ್ಲಿ ಸುವಿಧಾ ಕ್ಯಾಬಿನ್ ಎಂಬ ಹೆಸರಿನ ವಿಶ್ರಾಂತಿಯ ಕೊಠಡಿಗಳನ್ನು ನಿಲ್ಲಿಸಿದರು. ಉದ್ದೇಶವು ಸಾಧುವಾದುದು. ಆದರೆ ಬೀಗದ ಕೈ ಯಾರ ಬಳಿ ಇದೆ, ನೀರು ಬರುತ್ತದೆಯೇ, ಪ್ರತಿದಿನ ತೊಳೆಯುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಕೊಠಡಿಯು ಲೆಕ್ಕಪತ್ರಕ್ಕೆ ಮಾತ್ರ ಉಪಯೋಗವಾಗುವುದು.

ಇನ್ನು ಹೊರವಲಯಗಳ ವಿಷಯ. ವೈಟ್‌ಫೀಲ್ಡು ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ನರ ಒಕ್ಕಲಿಗಾಗಿ ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ ಹುಟ್ಟಿದ ಹಳ್ಳಿ; ಎಲೆಕ್ಟ್ರಾನಿಕ್ ಸಿಟಿಯು ೧೯೭೦ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ೩೩೨ ಎಕರೆಯಲ್ಲಿ ಎಬ್ಬಿಸಿದ ಉದ್ಯಮನಗರಿ; ಪೀಣ್ಯವು ಸಣ್ಣ ಕಾರ್ಖಾನೆಗಳ ದೊಡ್ಡ ಸಂತೆ. ೨೦೦೭ರಲ್ಲಿ ಏಳು ನಗರಸಭೆಗಳನ್ನೂ, ಕೆಂಗೇರಿ ಪುರಸಭೆಯನ್ನೂ, ೧೧೦ ಹಳ್ಳಿಗಳನ್ನೂ ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಚಿತವಾದಾಗ, ಮಹದೇವಪುರ, ದಾಸರಹಳ್ಳಿ, ಬೊಮ್ಮನಹಳ್ಳಿಗಳ ಜನರು ಒಂದೇ ದಿನದಲ್ಲಿ ಬೆಂಗಳೂರಿನವರಾದರು. ಹೆಸರು ಬಂದಿತು, ತೆರಿಗೆ ಬಂದಿತು. ನೀರು ಮೋರಿಗಳು ಹಿಂದೆ ಉಳಿದವು. ಆ ೧೧೦ ಹಳ್ಳಿಗಳಿಗೆ ಕಾವೇರಿಯ ನೀರನ್ನು ತರುವ ಐದನೆಯ ಹಂತದ ಉದ್ಘಾಟನೆಯಾದುದು ೨೦೨೪ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷಗಳ ತರುವಾಯ. ನೀರಿನ ಗತಿಯೇ ಹೀಗಾದರೆ ಕಸದ ಗತಿಯನ್ನು ಕೇಳಬೇಕೆ?

ಈ ಪ್ರದೇಶಗಳ ಸ್ಥಿತಿವಂತರು ತಮ್ಮ ಅನುಕೂಲಕ್ಕೆ ಬೇರೆಯ ದಾರಿಯನ್ನು ಕಂಡುಕೊಂಡರು. ಗೋಡೆಯೊಳಗಿನ ವಸತಿಸಮುಚ್ಚಯಕ್ಕೆ ತನ್ನದೇ ಟ್ಯಾಂಕರು, ತನ್ನದೇ ಕಾವಲು, ತನ್ನದೇ ಕಸದ ಗುತ್ತಿಗೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ೨೦೧೩ರಲ್ಲಿ ಕೈಗಾರಿಕಾ ಪಟ್ಟಣದ ಪ್ರಾಧಿಕಾರವೇ ಸ್ಥಾಪಿತವಾಗಿ, ಒಳಗಿನ ರಸ್ತೆಗಳ ನಿರ್ವಹಣೆಯು ಅದರ ಪಾಲಿಗೆ ಬಂದಿತು. ಒಳಗಿನ ಏರ್ಪಾಡು ಅಚ್ಚುಕಟ್ಟಾಗಿರುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಆ ಕಚೇರಿಗಳಲ್ಲಿ ನೆಲ ಒರೆಸುವವರು, ಅಡಿಗೆ ಮಾಡುವವರು, ಕಾವಲಿರುವವರು ರಾತ್ರಿ ಮಲಗುವುದು ದೊಡ್ಡತೋಗೂರಿನಲ್ಲಿ, ಕೋನಪ್ಪನ ಅಗ್ರಹಾರದಲ್ಲಿ, ಸುತ್ತಣ ಹಳ್ಳಿಗಳ ಒಂದೊಂದು ಕೋಣೆಯ ವಠಾರಗಳಲ್ಲಿ. ಸಾರ್ವಜನಿಕ ಸೇವೆಯು ಬೇಲಿಯ ಅಂಚಿನಲ್ಲಿ ನಿಂತುಬಿಟ್ಟರೆ ಅದು ಸಾರ್ವಜನಿಕವೆಂಬ ಹೆಸರಿಗೆ ಅರ್ಹವಾಗುವುದಿಲ್ಲ. ೨೦೨೦ರ ಜನವರಿಯಲ್ಲಿ ಬೆಳ್ಳಂದೂರಿನ ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಬಂದ ಕೂಲಿಗಳ ಗುಡಿಸಲುಗಳನ್ನು ಕೆಡವಿದಾಗ, ಉಚ್ಚ ನ್ಯಾಯಾಲಯವು ಆ ಕೃತ್ಯವನ್ನು ಕಾನೂನಿಗೆ ವಿರುದ್ಧವೆಂದು ಹೇಳಬೇಕಾಯಿತು. ನಗರದ ಕಸವನ್ನು ಆಯುವವರನ್ನೂ ಮನೆಗಳಲ್ಲಿ ಪಾತ್ರೆ ತೊಳೆಯುವವರನ್ನೂ ನಗರದವರೆಂದು ಎಣಿಸಲಾರದ ಮನೋಭಾವವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಅದು ಸಾಕ್ಷಿ.

ನಮ್ಮ ಕಸವು ನಮ್ಮ ಕಣ್ಣಿಗೆ ಮರೆಯಾದರೆ ಸಾಕೆಂಬ ನೀತಿಯ ಫಲವನ್ನು ಹಳೆಯ ಮದ್ರಾಸು ರಸ್ತೆಯ ಕಡೆಯ ಮಂಡೂರಿನ ಜನರು ಅನುಭವಿಸಿದರು. ವರ್ಷಗಟ್ಟಲೆ ನಗರದ ಲಾರಿಗಳು ಆ ಹಳ್ಳಿಯಲ್ಲಿ ಕಸದ ಗುಡ್ಡವನ್ನು ಬೆಳೆಸಿದವು. ಹಳ್ಳಿಯವರು ರಸ್ತೆಗಿಳಿದು ತಡೆದರು. ೨೦೧೪ರ ಡಿಸೆಂಬರ್ ಒಂದನೆಯ ತಾರೀಖಿನಿಂದ ಅಲ್ಲಿ ಸುರಿಯುವುದು ನಿಂತಿತು. ಅಲ್ಲಿ ನಿಂತ ಲಾರಿಯು ಬೇರೊಂದು ಹಳ್ಳಿಯ ಕಡೆಗೆ ತಿರುಗಿದುದೇ ಹೊರತು ಕಸವು ಕಡಿಮೆಯಾಗಲಿಲ್ಲ. ಮನೆಯಲ್ಲಿಯೇ ಹಸಿ ಕಸವನ್ನೂ ಒಣ ಕಸವನ್ನೂ ಬೇರ್ಪಡಿಸಬೇಕೆಂದು ಪಾಲಿಕೆಯು ೨೦೧೨ರಿಂದಲೂ ವಿಧಿಸುತ್ತಿದೆ. ಬೇರ್ಪಡಿಸದ ಕಸದಲ್ಲಿ ಒಡೆದ ಗಾಜಿಗೂ ಸೂಜಿಗೂ ಕೈಯೊಡ್ಡುವವಳು ಪೌರಕಾರ್ಮಿಕಳು. ಅದು ಕೊಳೆತು ವಿಷವಾಗುವುದು ಹಳ್ಳಿಯ ಬಾವಿಗೆ. ಕಸವನ್ನು ಬೇರ್ಪಡಿಸಿ ಕೊಡಿರೆಂದು ಕೇಳುವ ಪೌರಕಾರ್ಮಿಕಳು ತನ್ನ ಕೈಗಳಿಗಾಗಿಯೂ ಮಂಡೂರಿನಂಥ ಹಳ್ಳಿಗಳಿಗಾಗಿಯೂ ಕೇಳುತ್ತಾಳೆ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಮುದ್ರಣಾಲಯದ ಕಾಗದದ ಚೂರುಗಳನ್ನು ಮೂಟೆಕಟ್ಟದೆ ಬಾಗಿಲ ಬಳಿ ಸುರಿಯುವುದು ಹಲವು ವರ್ಷಗಳ ಅಭ್ಯಾಸವಾಗಿತ್ತು. ಒಂದು ದಿನ ಬೆಳಿಗ್ಗೆ ಬೀದಿ ಗುಡಿಸುವ ಹೆಂಗಸು ನಮ್ಮನ್ನು ನಿಲ್ಲಿಸಿ, “ಮಳೆ ಬಂದರೆ ಈ ಚೂರೆಲ್ಲ ಮೋರಿ ಕಟ್ಟುತ್ತೆ ಸ್ವಾಮಿ, ಕೆಳಗಡೆ ಬೀದಿಯೋರ ಮನೆಗೆ ನೀರು ನುಗ್ಗುತ್ತೆ. ನನಗೆ ಗುಡಿಸೋಕೆ ಕಷ್ಟ ಅಂತ ಹೇಳ್ತಿಲ್ಲ” ಎಂದಳು. ಪುರಜನರ ಹಿತವನ್ನು ಕುರಿತು ಪ್ರತಿದಿನ ಬರೆಯುವ ನಮಗೆ ತೋರದಿದ್ದ ಕೆಳಗಿನ ಬೀದಿಯು ಆಕೆಗೆ ತೋರಿತ್ತು. ಮಾರನೆಯ ದಿನದಿಂದ ಚೂರುಗಳು ಚೀಲದಲ್ಲಿ ಹೋಗುತ್ತಿವೆ. ಇಂಥ ತಿಳಿವಳಿಕೆಯುಳ್ಳವರ ಸಂಘವನ್ನು ಪೌರಾಡಳಿತದ ಸಲಹೆಗಾರರ ಸ್ಥಾನದಲ್ಲಿ ಕೂರಿಸದೆ, ತಂಟೆಕೋರರ ಗುಂಪೆಂದು ಬಾಗಿಲ ಹೊರಗೆ ನಿಲ್ಲಿಸುವುದು ಅವಿವೇಕವಲ್ಲವೆ?

ಆಕ್ಷೇಪಣೆಗಳನ್ನು ನಾವು ಬಲ್ಲೆವು. ಖಾಯಂ ಆದವನು ಸೋಮಾರಿಯಾಗುವನೆಂಬುದು ಮೊದಲನೆಯದು. ಈ ಮಾತನ್ನಾಡುವ ಅಧಿಕಾರಿಗಳು ತಾವೂ ಖಾಯಂ ನೌಕರರೆಂಬುದನ್ನು ಮರೆಯಬಾರದು. ಮೇಲ್ವಿಚಾರಣೆಯು ಸರಿಯಾಗಿದ್ದರೆ ಖಾಯಂ ನೌಕರನೂ ದುಡಿಯುವನು; ಮೇಲ್ವಿಚಾರಣೆಯಿಲ್ಲದಿದ್ದರೆ ಗುತ್ತಿಗೆಯವನು ಹೆಸರನ್ನು ಮಾತ್ರ ಪಟ್ಟಿಯಲ್ಲಿಟ್ಟು ಮನೆಯಲ್ಲಿರುವನೆಂಬುದನ್ನು ಮೇಲೆ ಹೇಳಿದ ಹಾಜರಾತಿಯ ವೃತ್ತಾಂತವೇ ತಿಳಿಸಿದೆ. ವೆಚ್ಚವು ಹೆಚ್ಚುವುದೆಂಬುದು ಎರಡನೆಯದು. ಹೆಚ್ಚುವುದು ನಿಜ. ಆದರೆ ಕಡಿಮೆ ಕೂಲಿಯಿಂದ ಉಳಿಸಿದ ಹಣವನ್ನು ಆಸ್ಪತ್ರೆಯಲ್ಲಿಯೂ, ತುಂಬಿದ ಮೋರಿಯಲ್ಲಿಯೂ, ಮಳೆಗಾಲದಲ್ಲಿ ಮುಳುಗಿದ ಬಡಾವಣೆಯಲ್ಲಿಯೂ ಎರಡರಷ್ಟಾಗಿ ತೆರುತ್ತೇವೆ. ಮುಷ್ಕರದಿಂದ ಊರಿಗೆ ತೊಂದರೆಯೆಂಬುದು ಮೂರನೆಯದು. ಈ ಆಕ್ಷೇಪಣೆಯನ್ನು ನಾವು ಲಘುವಾಗಿ ಎಣಿಸುವುದಿಲ್ಲ. ಕಸವೆತ್ತುವುದು ನಿಂತರೆ ಮೊದಲು ನರಳುವುದು ಗೋಡೆಯೊಳಗಿನ ಶ್ರೀಮಂತರಲ್ಲ, ವಠಾರದ ಬಡವರು. ಆದುದರಿಂದ ಸಂಘವು ಈ ಅಸ್ತ್ರವನ್ನು ಕೊನೆಯ ಅಸ್ತ್ರವಾಗಿಯೇ ಇಟ್ಟುಕೊಳ್ಳಬೇಕು. ಆದರೆ ಮನವಿಪತ್ರಗಳನ್ನು ವರ್ಷಗಟ್ಟಲೆ ಕಪಾಟಿನಲ್ಲಿಟ್ಟು, ಕೊನೆಗೆ ಪೊರಕೆ ಕೆಳಗಿಟ್ಟ ದಿನ ಮಾತ್ರ ಸಮಾಜಹಿತವನ್ನು ಸ್ಮರಿಸುವವರಿಗೆ ಉಪದೇಶಿಸುವ ಹಕ್ಕಿಲ್ಲ.

ಅಮೆರಿಕಾ ದೇಶದ ಮೆಂಫಿಸ್ ನಗರದ ವೃತ್ತಾಂತವು ಈ ಸಂಬಂಧದಲ್ಲಿ ಸ್ಮರಣೀಯವಾಗಿದೆ. ೧೯೬೮ರ ಫೆಬ್ರವರಿಯಲ್ಲಿ ಅಲ್ಲಿಯ ಕಸ ಸಾಗಿಸುವ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಕಾರ್ಮಿಕರು ಮೃತರಾದರು. ನೀಗ್ರೋ ಜನಾಂಗದವರೇ ಆಗಿದ್ದ ಆ ಪೌರಕಾರ್ಮಿಕರು ಕೆಲಸ ನಿಲ್ಲಿಸಿದಾಗ, ನಗರದ ಅವರ ಜನಾಂಗದ ಚರ್ಚುಗಳೂ ವಿದ್ಯಾರ್ಥಿಗಳೂ ಗೃಹಸ್ಥರೂ ಅವರ ಬೆನ್ನಿಗೆ ನಿಂತರು. ಅವರಿಗೆ ಬೆಂಬಲ ನೀಡಲು ಹೋಗಿದ್ದಾಗಲೇ ಏಪ್ರಿಲ್ ನಾಲ್ಕರಂದು ಡಾಕ್ಟರ್ ಮಾರ್ಟಿನ್ ಲೂಥರ್ ಕಿಂಗರು ಗುಂಡಿಗೆ ಬಲಿಯಾದರು. ಆ ತಿಂಗಳಲ್ಲಿಯೇ ನಗರದ ಆಡಳಿತವು ಸಂಘವನ್ನು ಮಾನ್ಯಮಾಡಿ ಒಪ್ಪಂದಕ್ಕೆ ಬಂದಿತು. ಸಂಘದ ಬಲವು ಸದಸ್ಯರ ಸಂಖ್ಯೆಯಲ್ಲಿ ಮಾತ್ರವಿರದೆ, ನೆರೆಹೊರೆಯವರ ಸ್ನೇಹದಲ್ಲಿಯೂ ಇರುವುದೆಂಬ ಪಾಠವನ್ನು ನಮ್ಮ ಸಂಘಗಳೂ ಅಲ್ಲಿಂದ ಕಲಿಯಬಹುದು.

ಕೆಲಸವು ಇನ್ನೂ ಮುಗಿದಿಲ್ಲ. ಮನೆಮನೆಯ ಮುಂದೆ ಆಟೋ ನಿಲ್ಲಿಸಿ ಕಸ ಪಡೆಯುವ ಚಾಲಕರೂ, ಸಹಾಯಕರೂ, ಲಾರಿಗೆ ತುಂಬುವವರೂ ಮೇಲೆ ಹೇಳಿದ ೧೨,೬೯೨ ಮಂದಿಯಲ್ಲಿ ಸೇರಿದವರಲ್ಲ. ಒಂದೇ ಬೀದಿಯ ಕಸವನ್ನು ಗುಡಿಸುವವಳು ನೌಕರಳು, ಎತ್ತುವವನು ಗುತ್ತಿಗೆಯ ಕೂಲಿ ಎಂಬ ಭೇದಕ್ಕೆ ನ್ಯಾಯದ ಆಧಾರವಿಲ್ಲ. ಇವರಿಗಿಂತಲೂ ಕಷ್ಟದಲ್ಲಿರುವವರು ನೆಲದ ಕೆಳಗೆ ಇಳಿಯುವವರು. ೨೦೧೭ರ ಮಾರ್ಚಿನಲ್ಲಿ ಸಿ. ವಿ. ರಾಮನ್ ನಗರದ ಒಳಚರಂಡಿಯ ಗುಂಡಿಯಲ್ಲಿ ಮೂವರೂ, ೨೦೧೮ರ ಜನವರಿಯಲ್ಲಿ ಸೋಮಸಂದ್ರಪಾಳ್ಯದ ವಸತಿಸಮುಚ್ಚಯವೊಂದರ ಕೊಳಚೆನೀರಿನ ತೊಟ್ಟಿಯಲ್ಲಿ ಮೂವರೂ ಉಸಿರುಗಟ್ಟಿ ಸತ್ತರು. ಮನುಷ್ಯನನ್ನು ಇಂಥ ಕೆಲಸಕ್ಕೆ ಇಳಿಸುವುದನ್ನು ೨೦೧೩ರ ಕಾನೂನು ನಿಷೇಧಿಸಿದೆ. ಹೀಗೆ ಸತ್ತವರ ಕುಟುಂಬಕ್ಕೆ ಮೂವತ್ತು ಲಕ್ಷ ರೂಪಾಯಿ ಪರಿಹಾರ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ರ ಅಕ್ಟೋಬರಿನಲ್ಲಿ ವಿಧಿಸಿದೆ. ದೊಡ್ಡ ವಸತಿಸಮುಚ್ಚಯಗಳಲ್ಲಿ ಇಂಥ ತೊಟ್ಟಿಗಳಿವೆ. ಅವುಗಳನ್ನು ಯಾರು, ಯಾವ ಯಂತ್ರದಿಂದ, ಯಾರ ಮೇಲ್ವಿಚಾರಣೆಯಲ್ಲಿ ಶುದ್ಧಿಮಾಡುತ್ತಾರೆಂಬುದು ಅಲ್ಲಿ ವಾಸಿಸುವ ವಿದ್ಯಾವಂತರಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಸಾವು ಸಂಭವಿಸಿದ ಮೇಲೆ ಗುತ್ತಿಗೆದಾರನ ಕಡೆಗೆ ಕೈತೋರಿಸಿ ಪಾರಾಗುವುದು ಸಜ್ಜನರಿಗೆ ತಕ್ಕುದಲ್ಲ.

೨೦೨೫ರ ಸೆಪ್ಟೆಂಬರಿನಲ್ಲಿ ಹಳೆಯ ಪಾಲಿಕೆಯು ಹೋಗಿ ಐದು ನಗರಪಾಲಿಕೆಗಳು ರಚಿತವಾದವು. ಹಿಂದಿನ ಕೌನ್ಸಿಲಿನ ಅವಧಿಯು ೨೦೨೦ರ ಸೆಪ್ಟೆಂಬರಿನಲ್ಲಿಯೇ ಮುಗಿದು, ವರ್ಷಗಟ್ಟಲೆ ನಗರವು ಚುನಾಯಿತ ಪ್ರತಿನಿಧಿಗಳಿಲ್ಲದೆ ಅಧಿಕಾರಿಗಳ ಕೈಯಲ್ಲಿ ಉಳಿಯಿತು. ಅಂಥ ಕಾಲದಲ್ಲಿ ಯಾವ ಗಲ್ಲಿಗೆ ಗಾಡಿ ಬರುತ್ತಿಲ್ಲ, ಯಾವ ಮೋರಿ ಒಡೆದಿದೆ ಎಂಬುದನ್ನು ಪ್ರತಿದಿನ ಕಣ್ಣಾರೆ ಕಂಡವರು ಪೌರಕಾರ್ಮಿಕರೇ. ಹೊಸ ಪಾಲಿಕೆಗಳ ಆಡಳಿತವು ನೆಲೆಗೊಳ್ಳುವ ಈ ಕಾಲವೇ ಹೊಸ ಪದ್ಧತಿಗೂ ತಕ್ಕ ಕಾಲವೆಂದು ನಂಬಿ, ಕೆಲವು ಸಲಹೆಗಳನ್ನು ನಿವೇದಿಸುತ್ತೇವೆ.

ಮೊದಲನೆಯದಾಗಿ, ಪ್ರತಿಯೊಂದು ವಾರ್ಡಿನ ಸಮಿತಿಯ ಸಭೆಗೂ ಆ ವಾರ್ಡಿನ ಪೌರಕಾರ್ಮಿಕರ ಒಬ್ಬ ಪ್ರತಿನಿಧಿಯನ್ನು ಸಂಘದ ಮೂಲಕ ಕರೆದು, ಅವರ ಮಾತನ್ನು ನಡವಳಿಯಲ್ಲಿ ಬರೆದಿಡಬೇಕು. ಎರಡನೆಯದಾಗಿ, ಶೌಚಗೃಹ ಮತ್ತು ಕುಡಿಯುವ ನೀರಿನ ಸ್ಥಳಗಳನ್ನು ಗೊತ್ತುಮಾಡುವಾಗ ಪೌರಕಾರ್ಮಿಕಳು ನಡೆಯುವ ದಾರಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಅವುಗಳನ್ನು ಸರ್ವರಿಗೂ ತೆರೆದಿಡಬೇಕು. ಉದ್ಯಮಪ್ರದೇಶಗಳ ಕಾರ್ಖಾನೆಯ ಯಜಮಾನರು ಈ ವೆಚ್ಚದಲ್ಲಿ ಪಾಲು ಕೊಡುವುದು ಅವರ ಗೌರವಕ್ಕೆ ತಕ್ಕುದಾಗಿದೆ. ಮೂರನೆಯದಾಗಿ, ಚಾಲಕರು, ಸಹಾಯಕರು, ಒಳಚರಂಡಿಯ ಕಾರ್ಮಿಕರಿಗೂ ನೇರ ವೇತನವನ್ನು ವಿಸ್ತರಿಸಬೇಕು. ನಾಲ್ಕನೆಯದಾಗಿ, ವಠಾರಗಳೂ ವಲಸೆಗಾರರ ಗುಡಿಸಲುಗಳೂ ಇರುವ ಕಡೆಗೆ ಕಸದ ಗಾಡಿಯು ಹೋಗುವ ದಿನ ಮತ್ತು ಹೊತ್ತನ್ನು ಬೀದಿಯಲ್ಲಿ ಬರೆದು ಹಾಕಬೇಕು. ಗುಡಿಸಲಿನವನ ಬಳಿ ತೆರಿಗೆಯ ರಸೀತಿಯಿಲ್ಲವೆಂಬುದು ಅವನ ಬಾಗಿಲಿಗೆ ಗಾಡಿ ಹೋಗದಿರುವುದಕ್ಕೆ ಕಾರಣವಾಗಬಾರದು. ರೋಗವು ರಸೀತಿಯನ್ನು ನೋಡಿ ಬರುವುದಿಲ್ಲ.

ಸಂಘದ ಮುಖಂಡರಿಗೂ ನಮ್ಮದೊಂದು ವಿಜ್ಞಾಪನೆಯುಂಟು. ನೌಕರಿಯು ಖಾಯಮಾದ ಮೇಲೆ ಸಂಘಗಳು ತಮ್ಮ ಸದಸ್ಯರ ಬಡ್ತಿ ಭತ್ಯಗಳಲ್ಲಿಯೇ ಮುಳುಗಿಹೋದ ಉದಾಹರಣೆಗಳು ನಮ್ಮ ದೇಶದಲ್ಲಿ ಬೇಕಾದಷ್ಟಿವೆ. ಹೊಳೆ ದಾಟಿದವರು ದಡದಲ್ಲಿ ನಿಂತಿರುವವರನ್ನು ಮರೆಯಬಾರದು. ಇನ್ನೂ ಗುತ್ತಿಗೆಯಲ್ಲಿರುವ ಚಾಲಕನೂ, ಚಿಂದಿ ಆಯುವವಳೂ, ತೊಟ್ಟಿಗೆ ಇಳಿಯುವವನೂ ಸಂಘದವರೇ ಎಂದು ಭಾವಿಸಿದರೆ ಮಾತ್ರ ಇಷ್ಟು ವರ್ಷ ಹೇಳಿದ ಮಾತಿಗೆ ಬೆಲೆ ಉಳಿಯುವುದು. ಗಾಡಿ ಬಾರದ ಗಲ್ಲಿಯ ಪರವಾಗಿ ಸಂಘವು ಒಂದು ಮನವಿಪತ್ರವನ್ನು ಕೊಟ್ಟ ದಿನ ಆ ಗಲ್ಲಿಯು ಸಂಘದ ಪರವಾಗಿ ನಿಲ್ಲುವುದು.

ಪುರಜನರಾದ ನಾವು ಮಾಡತಕ್ಕುದು ಅಷ್ಟೇನೂ ಕಠಿಣವಲ್ಲ. ಪ್ರತಿವರ್ಷ ಸೆಪ್ಟೆಂಬರ್ ೨೩ರಂದು ರಾಜ್ಯದಲ್ಲಿ ಪೌರಕಾರ್ಮಿಕರ ದಿನವನ್ನು ಆಚರಿಸುತ್ತಾರೆ. ಹಾರ, ಶಾಲು, ಭಾಷಣಗಳು ಆಗುತ್ತವೆ. ಆ ದಿನದ ಹಾರಕ್ಕಿಂತ ಉಳಿದ ಮುನ್ನೂರ ಅರವತ್ತನಾಲ್ಕು ದಿನ ಬೇರ್ಪಡಿಸಿ ಕೊಟ್ಟ ಕಸವು ಅವರಿಗೆ ಹೆಚ್ಚು ಮರ್ಯಾದೆಯನ್ನು ತರುವುದು. ಗೃಹಸ್ಥರು ತಮ್ಮ ಬೀದಿಯ ಪೌರಕಾರ್ಮಿಕಳ ಹೆಸರನ್ನು ಕೇಳಿ ತಿಳಿದುಕೊಳ್ಳಲಿ. ಬೇಸಗೆಯಲ್ಲಿ ಒಂದು ಚೊಂಬು ನೀರನ್ನು ಬೇರೆ ಲೋಟವೆಂಬ ಭೇದವಿಲ್ಲದೆ ಕೊಡಲಿ. ವಾರ್ಡಿನ ಸಭೆಗೆ ಹೋದಾಗ ಆಕೆಯ ಶೌಚಗೃಹದ ಪ್ರಶ್ನೆಯನ್ನು ತಮ್ಮ ಮನೆಯ ಹೆಣ್ಣುಮಕ್ಕಳ ಪ್ರಶ್ನೆಯೆಂದು ಭಾವಿಸಿ ಎತ್ತಲಿ. ಅಧಿಕಾರಿವರ್ಗದವರು ಮುಂದಿನ ಸೋಮವಾರ ಬೆಳಿಗ್ಗೆ ಆರೂವರೆ ಗಂಟೆಗೆ ಮೋಟಾರನ್ನು ಬಿಟ್ಟು ಪೀಣ್ಯದ ಒಂದು ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ಕಾಲುನಡಿಗೆಯಲ್ಲಿ ನೋಡಿಬರಬೇಕೆಂದೂ, ಆ ದಾರಿಯಲ್ಲಿ ಹೆಂಗಸರಿಗೆ ತೆರೆದಿರುವ ಕಕ್ಕಸುಗಳೆಷ್ಟೆಂಬುದನ್ನು ಎಣಿಸಿ ಪ್ರಕಟಪಡಿಸಬೇಕೆಂದೂ ನಾವು ಕೋರುತ್ತೇವೆ. ಆ ಲೆಕ್ಕವನ್ನು ಕಳುಹಿಸಿಕೊಟ್ಟರೆ ಈ ಅಂಕಣದಲ್ಲಿಯೇ ಸಂತೋಷದಿಂದ ಅಚ್ಚುಹಾಕುತ್ತೇವೆ.